ಅಕ್ಕಿಯಿಂದ ಅಕ್ಕಿಯನ್ನು ಬೇರ್ಪಡಿಸಿದ ವಿವೇಕ

ವಿವೇಕವೆಂಬ ಪದದ ಮೂಲದಲ್ಲಿ 'ವಿಚ್' ಎಂಬ ಧಾತುವಿದೆ. ಬೇರ್ಪಡಿಸುವುದೆಂದು ಅದರ ಅರ್ಥ. ಕಾಳನ್ನು ತೂರಿ ಹೊಟ್ಟನ್ನು ಬೇರೆ ಮಾಡುವ ಕೆಲಸಕ್ಕೂ ಅದು ಸಲ್ಲುತ್ತದೆ. ಆ ಕೆಲಸ ಕಷ್ಟದ್ದಲ್ಲ, ಅರ್ಧ ಪಾಲು ಗಾಳಿಯೇ ಮಾಡಿಕೊಡುತ್ತದೆ. ಅಕ್ಕಿಯನ್ನು ಅಕ್ಕಿಯಿಂದಲೇ ಬೇರ್ಪಡಿಸಬೇಕಾಗಿ ಬಂದರೆ? 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನವರಿಗೆ ಒದಗಿದ್ದು ಅಂತಹ ಪ್ರಸಂಗ.

ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಮಾರಯ್ಯ ಮತ್ತು ಲಕ್ಕಮ್ಮ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ; ಅದರಿಂದಲೇ ಜಂಗಮ ದಾಸೋಹ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಪ್ಪದೆ, ತಂದಲ್ಲಿಗೇ ಸುರಿದು ಬರಬೇಕೆಂದರು.

ಈ ಕಥನ ವಿಸ್ತಾರವಾಗಿ ದೊರೆಯುವುದು ಶೂನ್ಯಸಂಪಾದನೆಯಲ್ಲಿ. ಶಿವಗಣಪ್ರಸಾದಿ ಮಹಾದೇವಯ್ಯನವರು ಅದನ್ನು ಮೊದಲು ಸಂಕಲಿಸಿದ್ದು 15ನೆಯ ಶತಮಾನದಲ್ಲಿ, ಎಂದರೆ ಸುಮಾರು 300 ವರ್ಷಗಳ ಅನಂತರ. ಆದುದರಿಂದ ಓದುವವರಿಗೂ ಇಲ್ಲಿ ವಿವೇಕ ಬೇಕು: ಮಾತುಕತೆಯ ಕ್ರಮ ಸಂಕಲನಕಾರರು ಹೆಣೆದದ್ದು. ಆದರೆ ಇಷ್ಟೊಂದು ಅಕ್ಕಿಯ ಆಸೆ ಏತಕ್ಕೆಂಬ ಪ್ರಶ್ನೆ 'ಮಾರಯ್ಯಪ್ರಿಯ ಅಮರೇಶ್ವರಲಿಂಗ' ಎಂಬ ಅಂಕಿತವಿರುವ ಲಕ್ಕಮ್ಮನವರ ವಚನದಲ್ಲಿಯೇ ಇದೆ. ತಿರುಳು ಕಥೆಗಾರರದಲ್ಲ.

ಆ ಅಕ್ಕಿಯಲ್ಲಿ ದೋಷವೇನಿತ್ತು? ಕದ್ದದ್ದಲ್ಲ, ಬೇಡಿ ತಂದದ್ದಲ್ಲ, ಉದ್ದೇಶವಾದರೋ ದಾಸೋಹ. ಒಳಿತು ಕೆಡಕುಗಳ ಸಾಮಾನ್ಯ ತಕ್ಕಡಿಯಲ್ಲಿ ಮಾರಯ್ಯನವರು ತಪ್ಪಿತಸ್ಥರಾಗುವುದಿಲ್ಲ. ಲಕ್ಕಮ್ಮನವರು ನೋಡಿದ್ದು ಅಕ್ಕಿಯನ್ನಲ್ಲ, ಅದನ್ನು ಆಯ್ದ ಕೈಯನ್ನು. ಅಗತ್ಯ ಮುಗಿದ ಮೇಲೂ ಕೈ ಆಯುತ್ತಲೇ ಇತ್ತು. ಆಸೆಯು ದಾಸೋಹದ ವೇಷ ಧರಿಸಿ ಬಂದಾಗ ಭಕ್ತನಿಗೆ ಅದರ ಗುರುತು ಹತ್ತುವುದು ದುಸ್ತರ. ನಾಳೆಯ ದಾಸೋಹಕ್ಕೆ ಇರಲಿ ಎಂದು ಕೂಡಿಟ್ಟುದು ನಾಳೆಯ ಕಾಯಕವನ್ನು ಇಂದೇ ಕಸಿದುಕೊಳ್ಳುತ್ತದೆ. ದಾನದ ಹೆಸರಿನಲ್ಲಿ ಸಂಗ್ರಹ ಬೆಳೆಯುವುದನ್ನು ಕಂಡವರಿಗೆ, ಮಠಗಳಲ್ಲಿರುವ ನಮಗೂ ಸಹ, ಇದು ಹಳೆಯ ಕಥೆಯಾಗಿ ತೋರಲಾರದು.

ಇದಕ್ಕೂ ಮೊದಲು ಇನ್ನೊಂದು ಸಂದರ್ಭವುಂಟು. ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಕುಳಿತಿದ್ದ ಪತಿಗೆ ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿದವರೂ ಲಕ್ಕಮ್ಮನವರೇ. ಅಲ್ಲಿಯೂ ಎದುರುಬದುರಾದವು ಎರಡು ಒಳ್ಳೆಯ ಸಂಗತಿಗಳೇ. ವಿವೇಕವನ್ನು ಶಾಸ್ತ್ರಜ್ಞರ ಸೊತ್ತೆಂದು ಭಾವಿಸುವವರು ಗಮನಿಸಬೇಕು: ಬೋಧೆ ಬಂದದ್ದು ಬಡ ಗೃಹಿಣಿಯಿಂದ, ಸ್ವೀಕರಿಸಿದವರು ಸ್ವತಃ ವಚನಕಾರರು.

ಮಾರಯ್ಯನವರು ಅಕ್ಕಿಯನ್ನು ಹೊತ್ತು ಮಹಾಮನೆಯ ಅಂಗಳಕ್ಕೆ ಹಿಂದಿರುಗಿದರು.