‘ಟಾರ್ಗೆಟೆಡ್’ ಕ್ಯಾನ್ಸರ್ ಔಷಧ ನೇರವಾಗಿ ಗಡ್ಡೆಗೇ ಹೋಗುತ್ತದೆಯೇ? ಲೆಕ್ಕ ಹೇಳುವುದೇ ಬೇರೆ

ನ್ಯಾನೊ ಔಷಧ ಕ್ಷಿಪಣಿಯಂತೆ ಕ್ಯಾನ್ಸರ್ ಗಡ್ಡೆಯನ್ನು ಹುಡುಕಿಕೊಂಡು ಹೋಗುತ್ತದೆ, ಬೇರೆ ಅಂಗಗಳಿಗೆ ಏನೂ ಆಗುವುದಿಲ್ಲ ಎಂಬ ಸಂದೇಶ ನಿಮಗೂ ಬಂದಿರಬಹುದು. ಅಂಥ ಔಷಧಗಳು ಇರುವುದು ನಿಜ. ಹುಡುಕಿಕೊಂಡು ಹೋಗುತ್ತವೆ ಎಂಬುದು ಸುಳ್ಳು. ಇದನ್ನು ನಂಬಿ ನಡೆಯುತ್ತಿರುವ ಕೀಮೋ ನಿಲ್ಲಿಸಿದರೆ ಅಪಾಯ ರೋಗಿಗೇ.

ರಕ್ತನಾಳಕ್ಕೆ ಕೊಟ್ಟ ಔಷಧ ರಕ್ತ ಹೋದಲ್ಲೆಲ್ಲ ಹೋಗುತ್ತದೆ. ‘ಟಾರ್ಗೆಟೆಡ್’ ಎಂದರೆ ಗಡ್ಡೆ ಎದುರಾದಾಗ ಅಲ್ಲಿ ಹೆಚ್ಚು ಹೊತ್ತು ಉಳಿಯುವಂತೆ, ಇಲ್ಲವೇ ಕ್ಯಾನ್ಸರ್ ಜೀವಕೋಶಕ್ಕೆ ಅಂಟುವಂತೆ ಅದನ್ನು ರೂಪಿಸಿದ್ದಾರೆ ಎಂದಷ್ಟೇ ಅರ್ಥ. ಹತ್ತು ವರ್ಷಗಳ ಪ್ರಯೋಗ ವರದಿಗಳನ್ನು ಒಟ್ಟಿಗೆ ಪರಿಶೀಲಿಸಿದ ಟೊರಾಂಟೊ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಒಂದು ಅಂಕಿ ಕೊಟ್ಟಿತು: ಕೊಟ್ಟ ನ್ಯಾನೊ ಕಣಗಳಲ್ಲಿ ಗಡ್ಡೆ ಸೇರಿದ್ದು ಶೇ. 0.7ರಷ್ಟು. ಅಂದರೆ ಸಾವಿರಕ್ಕೆ ಏಳು. ಅವರು ಲೆಕ್ಕ ಹಾಕಿದ ವಿಧಾನದ ಬಗ್ಗೆ ತಕರಾರುಗಳಿವೆ. ಆದರೆ ಬಹುಪಾಲು ಕಣಗಳನ್ನು ಲಿವರ್ ಮತ್ತು ಗುಲ್ಮ ಹಿಡಿದುಕೊಳ್ಳುತ್ತವೆ ಎಂಬುದರಲ್ಲಿ ತಕರಾರಿಲ್ಲ.

ಗಡ್ಡೆಯವರೆಗೆ ಬಂದ ಔಷಧವಾದರೂ ಸಲೀಸಾಗಿ ಒಳಹೋಗುತ್ತದೆಯೇ? ಐಐಟಿ ಕಾನ್ಪುರದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ರಾಕೇಶ್ ಜೈನ್, ಲಾರೆನ್ಸ್ ಬ್ಯಾಕ್ಸ್‌ಟರ್ ಜೊತೆ 1989ರಲ್ಲಿ ಇದನ್ನು ಸಮೀಕರಣಗಳಲ್ಲಿ ಬರೆದರು. ಅವರು ಬಳಸಿದ್ದು ಡಾರ್ಸಿಯ ನಿಯಮ, ಮರಳು ಮತ್ತು ಮಣ್ಣಿನಲ್ಲಿ ನೀರು ಹರಿಯುವುದನ್ನು ಲೆಕ್ಕ ಹಾಕಲು ಅಂತರ್ಜಲ ತಜ್ಞರು ಬಳಸುವ ಅದೇ ನಿಯಮ! ಗಡ್ಡೆಯ ರಕ್ತನಾಳಗಳು ಸೋರುತ್ತವೆ. ಸೋರಿದ ದ್ರವವನ್ನು ಹೊರಹಾಕಬೇಕಾದ ದುಗ್ಧನಾಳಗಳೆಂಬ ಬಸಿಗಾಲುವೆಗಳು ಅಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ ಒಳಗೆಲ್ಲ ಒತ್ತಡ ಹೆಚ್ಚಿರುತ್ತದೆ, ಅಂಚಿನಲ್ಲಿ ಮಾತ್ರ ಥಟ್ಟನೆ ಇಳಿಯುತ್ತದೆ ಎಂದು ಲೆಕ್ಕ ಹೇಳಿತು. ಮರುವರ್ಷ ಇಲಿಗಳ ಗಡ್ಡೆಯಲ್ಲಿ ಅಳೆದಾಗ ಹಾಗೆಯೇ ಇತ್ತು. ಅಂದರೆ ನಡುಭಾಗದಲ್ಲಿ ಔಷಧವನ್ನು ಒಯ್ಯುವ ಹರಿವೇ ಇಲ್ಲ, ಅಂಚಿನಲ್ಲಿರುವ ಹರಿವು ಹೊರಮುಖ.

ಇನ್ನುಳಿದದ್ದು ನಿಧಾನವಾಗಿ ಹರಡುವ ದಾರಿ. ಅದರಲ್ಲಿ ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟು ಬೇಕು. ದೊಡ್ಡ ಅಣುಗಳಿಗಂತೂ ಇನ್ನೂ ಕಷ್ಟ.

ಔಷಧ ಗಟ್ಟಿಯಾಗಿ ಅಂಟಿದಷ್ಟೂ ಒಳ್ಳೆಯದಲ್ಲವೇ ಎಂದು ಅನ್ನಿಸಬಹುದು. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಗಣಿತ ಮಾದರಿ ತೋರಿಸಿದ್ದು ಉಲ್ಟಾ: ತೀರಾ ಬಿಗಿಯಾಗಿ ಅಂಟುವ ಪ್ರತಿಕಾಯಗಳು ರಕ್ತನಾಳದ ಪಕ್ಕದ ಮೊದಲ ಸಾಲಿನ ಜೀವಕೋಶಗಳಲ್ಲೇ ಸಿಕ್ಕಿಬೀಳುತ್ತವೆ, ಒಳಗಿನವು ತಪ್ಪಿಸಿಕೊಳ್ಳುತ್ತವೆ. ಮದುವೆ ಊಟದಲ್ಲಿ ಬಾಗಿಲ ಬಳಿಯ ಪಂಕ್ತಿಗೇ ಹೋಳಿಗೆ ಮುಗಿದುಹೋದಂತೆ. ಕಣದ ಗಾತ್ರ, ಡೋಸ್, ಅಂಟುವ ಬಲ ಎಷ್ಟಿರಬೇಕೆಂದು ಮೊದಲೇ ಅಂದಾಜಿಸಲು ಇಂಥ ಮಾದರಿಗಳು ನೆರವಾಗುತ್ತವೆ. ಆದರೆ ಒಬ್ಬರ ಗಡ್ಡೆಯಂತೆ ಇನ್ನೊಬ್ಬರದಿರುವುದಿಲ್ಲ, ಮಾದರಿಯ ಉತ್ತರವೂ ಅದಕ್ಕೆ ಊಡಿಸಿದ ಅಳತೆಗಳಷ್ಟೇ ನಂಬಲರ್ಹ.

ಹಾಗೆಂದು ನ್ಯಾನೊ ಔಷಧಗಳಿಂದ ಲಾಭವಿಲ್ಲ ಎಂದಲ್ಲ. ಅಮೆರಿಕದಲ್ಲಿ 1995ರಲ್ಲಿ ಅನುಮತಿ ಪಡೆದ ಡಾಕ್ಸಿಲ್ ನೋಡಿ. ಹಳೆಯ ಡಾಕ್ಸೊರುಬಿಸಿನ್ ಔಷಧವನ್ನೇ ಕೂದಲಿನ ದಪ್ಪದ ಸುಮಾರು ಸಾವಿರದಲ್ಲೊಂದರಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳಲ್ಲಿ ತುಂಬಿದ್ದಾರೆ. ಇದರಿಂದ ಹೃದಯಕ್ಕೆ ಆಗುವ ಹಾನಿ ಕಡಿಮೆಯಾಯಿತು. ಬದಲಿಗೆ ಅಂಗೈ, ಅಂಗಾಲು ಕೆಂಪಾಗಿ ಉರಿದು ಚರ್ಮ ಸುಲಿಯುವ ತೊಂದರೆ ಹೆಚ್ಚಾಯಿತು.