ಮೇಲಿನ ಹಂತ ಸೋತಾಗ: ಸರ್ವರ್ ಸಂರಚನಾ ಸಾಧನಗಳಲ್ಲಿ ಅವಲಂಬನೆಯ ಚರಿತ್ರೆ

ತುಮಕೂರು ಸೀಮೆಯವರಿಗೆ ಅವಲಂಬನೆ ಎಂದರೇನೆಂದು ವಿವರಿಸಬೇಕಿಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ಗುಬ್ಬಿಯ ಕಡಬ ಕೆರೆಯನ್ನು ತುಂಬಿಸಿ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಇಳಿಯುತ್ತದೆ. ಮೇಲಿನ ಕೆರೆ ಕೋಡಿ ಬೀಳದೆ ಕೆಳಗಿನದಕ್ಕೆ ನೀರಿಲ್ಲ; ಮೇಲಿನ ಏರಿ ಒಡೆದರೆ ಕೆಳಗಿನದೂ ಉಳಿಯುವುದು ಕಷ್ಟ. ಹಿರೇಹಳ್ಳಿಯ ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಒಂದು ಸರ್ವರ್ ಅಣಿಗೊಳಿಸುವಾಗಲೂ ಇಂಥದೇ ಸರಣಿ: ಮೊದಲು ತಂತ್ರಾಂಶ, ಬಳಿಕ ಅದರ ಕಡತ, ಕೊನೆಗೆ ಸೇವೆಯ ಚಾಲನೆ. ನಡುವಿನ ಹಂತ ಸೋತರೆ ಉಳಿದವುಗಳ ಗತಿಯೇನು?

ಈ ಪ್ರಶ್ನೆ ಸರ್ವರ್‌ಗಳಿಗಿಂತ ಹಳೆಯದು. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ರೂಪಿಸಿದ 'ಮೇಕ್' ಎಂಬ ಸಾಧನ ಯಾವ ಕಡತ ಯಾವುದರ ಮೇಲೆ ನಿಂತಿದೆ ಎಂಬುದನ್ನು ಬರೆದಿಡುವ ಪದ್ಧತಿ ತಂದಿತು. ಅದರಲ್ಲೊಂದು ಆಳವಾದ ದೋಷವಿತ್ತು. ಆಜ್ಞೆ ಅರ್ಧಕ್ಕೆ ಸೋತು ಅರೆಬರೆ ಕಡತ ಉಳಿದರೆ, ಅದರ ಹೊಸ ಸಮಯಮುದ್ರೆ ನೋಡಿ ಮುಂದಿನ ಸಲ 'ಮೇಕ್' ಕೆಲಸ ಮುಗಿದಿದೆ ಎಂದೇ ನಂಬುತ್ತಿತ್ತು. ಈ ದೋಷವೇ ಮುಂದೆ ಬೇರೆ ವೇಷದಲ್ಲಿ ಮರಳಿತು.

1993ರಲ್ಲಿ ಓಸ್ಲೋದ ಮಾರ್ಕ್ ಬರ್ಜೆಸ್ ಸಿಎಫ್ಎಂಜಿನ್ ಎಂಬ ಸಂರಚನಾ ಸಾಧನ ಬರೆದರು. ಹಂತಗಳನ್ನು ನೆನಪಿಡುವ ಬದಲು, ಯಂತ್ರದ ಇಂದಿನ ಸ್ಥಿತಿಯನ್ನು ಬೇಕಾದ ಸ್ಥಿತಿಯೊಡನೆ ಮತ್ತೆ ಮತ್ತೆ ಹೋಲಿಸಿ ತಿದ್ದುವುದು ಅದರ ಮಾರ್ಗ. 2002ರಲ್ಲಿ ಸ್ಟೀವ್ ಟ್ರಾಗಾಟ್, ಲ್ಯಾನ್ಸ್ ಬ್ರೌನ್ ಇದಕ್ಕೆದುರಾಗಿ ಕ್ರಮವೇ ಮುಖ್ಯವೆಂದು ವಾದಿಸಿದರು. 2005ರ ಲ್ಯೂಕ್ ಕೇನೀಸ್‌ರ ಪಪೆಟ್ ಅವಲಂಬನೆಯ ಜಾಲವನ್ನೇ ಕಟ್ಟಿತು: ಒಂದು ಘಟಕ ಸೋತರೆ ಅದನ್ನು ನೆಚ್ಚಿದವು ಮಾತ್ರ ನಿಲ್ಲುತ್ತವೆ, ಉಳಿದವು ಸಾಗುತ್ತವೆ. ನನ್ನ ಎಣಿಕೆಯಲ್ಲಿ ಇದು ಈ ಕ್ಷೇತ್ರದ ಅತ್ಯಂತ ನ್ಯಾಯವಾದ ತೀರ್ಮಾನ. 2009ರ ಶೆಫ್ ಬರೆದ ಕ್ರಮದಲ್ಲೇ ನಡೆದು ಮೊದಲ ಸೋಲಿಗೇ ನಿಲ್ಲುತ್ತದೆ.

2012ರಲ್ಲಿ ಮೈಕೆಲ್ ಡೆಹಾನ್ ತಂದ ಆನ್ಸಿಬಲ್, ಸೋತ ಯಂತ್ರವನ್ನು ಉಳಿದ ಕೆಲಸಗಳಿಂದ ಕೈಬಿಟ್ಟು ಇತರ ಯಂತ್ರಗಳೊಡನೆ ಮುಂದುವರಿಯುತ್ತದೆ. 2016ರ 2.0 ಆವೃತ್ತಿಯಲ್ಲಿ ಸೋಲನ್ನು ಹಿಡಿದು ಸರಿಪಡಿಸುವ 'ಬ್ಲಾಕ್', 'ರೆಸ್ಕ್ಯೂ' ಬಂದವು. ಆದರೆ ತೊಡಕಿರುವುದು ಬದಲಾವಣೆಯ ಸೂಚನೆ ಬಂದರೆ ಮಾತ್ರ ಕೊನೆಯಲ್ಲಿ ಓಡುವ 'ಹ್ಯಾಂಡ್ಲರ್'ನಲ್ಲಿ. ಕಡತ ಬದಲಾಯಿತು, ಸೇವೆಯನ್ನು ಮರುಚಾಲನೆ ಮಾಡೆಂದು ಹ್ಯಾಂಡ್ಲರ್‌ಗೆ ಸೂಚನೆಯೂ ಹೋಯಿತು. ಅಷ್ಟರಲ್ಲಿ ಬೇರೊಂದು ಹಂತ ಸೋತಿತು, ಹ್ಯಾಂಡ್ಲರ್ ಓಡಲೇ ಇಲ್ಲ. ದೋಷ ತಿದ್ದಿ ಮತ್ತೆ ನಡೆಸಿದರೆ ಕಡತ ಆಗಲೇ ಸರಿಯಿದೆ, ಸೂಚನೆ ಹುಟ್ಟುವುದಿಲ್ಲ. ಪರದೆಯ ಮೇಲೆ ಎಲ್ಲವೂ ಹಸಿರು. ಸೇವೆ ಮಾತ್ರ ಹಳೆಯ ಸಂರಚನೆಯಲ್ಲೇ ಓಡುತ್ತಿರುತ್ತದೆ. 'ಮೇಕ್'ನ ಅರೆಬರೆ ಕಡತಕ್ಕೂ ಇದಕ್ಕೂ ಮೂಲ ಒಂದೇ: ಬಾಕಿ ಉಳಿದ ಕೆಲಸವನ್ನು ಸಾಧನ ಎಲ್ಲಿಯೂ ಬರೆದಿಟ್ಟಿರುವುದಿಲ್ಲ.

ಮಾರ್ಕೋನಹಳ್ಳಿ ಅಣೆಕಟ್ಟಿನಲ್ಲಿ ಸ್ವಯಂಚಾಲಿತ ಸೈಫನ್‌ಗಳಿವೆ. ಅವು ಯಾರ ಸೂಚನೆಗೂ ಕಾಯದೆ ನೀರಿನ ಮಟ್ಟವನ್ನೇ ನೆಚ್ಚುತ್ತವೆ. ಹ್ಯಾಂಡ್ಲರ್ ಹಾಗಲ್ಲ, ಅದು ಸೂಚನೆಯನ್ನೇ ನೆಚ್ಚುತ್ತದೆ. ಆನ್ಸಿಬಲ್‌ನಲ್ಲಿ ಸೋಲಿನ ನಂತರವೂ ಹ್ಯಾಂಡ್ಲರ್ ಓಡಿಸುವ 'ಫೋರ್ಸ್ ಹ್ಯಾಂಡ್ಲರ್ಸ್' ಆಯ್ಕೆ ಇದೆ; ತಾನಾಗಿ ಅದು ಜಾರಿಯಲ್ಲಿರುವುದಿಲ್ಲ, ಬಳಸುವವರೇ ಅದನ್ನು ಜಾರಿಗೊಳಿಸಬೇಕು.