ಲೋಮಾಂಗ

ಜೀವಶಾಸ್ತ್ರದ ಕನ್ನಡ ಪಠ್ಯಗಳಲ್ಲಿ ‘ಸಿಲಿಯ’ಕ್ಕೆ ಬಳಕೆಯಲ್ಲಿರುವ ಪದ ಲೋಮಾಂಗ. ಸಂಸ್ಕೃತದ ‘ಲೋಮ’ ಎಂದರೆ ಮೈಗೂದಲು. ‘ರೋಮ’ ಅದರದೇ ಇನ್ನೊಂದು ರೂಪ. ‘ಅನುಲೋಮ’ದಲ್ಲಿರುವುದೂ ಇದೇ ಲೋಮ, ಕೂದಲು ಮಲಗಿದ ದಿಕ್ಕಿಗೆ ಎಂಬುದು ಅದರ ಮೂಲಾರ್ಥ. ‘ಸಿಲಿಯ’ದ ಮೂಲವಾದ ಲ್ಯಾಟಿನ್ನಿನ ‘ಸಿಲಿಯಮ್’ ಎಂದರೆ ಮೊದಲು ಕಣ್ಣಿನ ರೆಪ್ಪೆ, ಆಮೇಲೆ ರೆಪ್ಪೆಗೂದಲು.

ಹೆಸರಿನಲ್ಲಿ ಕೂದಲಿದ್ದರೂ ಇದು ಕೂದಲಲ್ಲ. ಜೀವಕೋಶವೇ ಸಪೂರವಾಗಿ ಹೊರಚಾಚಿದ ಭಾಗ. ಇದರ ಸೊಗಸು ಕಾಣಬೇಕೆಂದರೆ ಮೂಗಿನ ಘ್ರಾಣಪದರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ವಾಸನೆ ಹಿಡಿಯುವ ಪ್ರತಿ ನರಕೋಶದ ತುದಿಯಲ್ಲೂ ಒಂದು ಪುಟ್ಟ ಗುಬುಟು. ಅದರಿಂದ ಹೊರಟ ಹತ್ತಾರು ಲೋಮಾಂಗಗಳು ಲೋಳೆಯೊಳಗೆ ಒಂದರ ಮೇಲೊಂದು ಬಿದ್ದು, ಹುಲ್ಲುಚಾಪೆ ಹಾಸಿದಂತೆ ಹರಡಿರುತ್ತವೆ. ವಾಸನೆಯ ಅಣು ಬಂದು ಕೂರುವ ಗ್ರಾಹಕಗಳಿರುವುದು ಇವುಗಳ ಮೇಲೆಯೇ. ಆ ಗ್ರಾಹಕಗಳ ಜೀನ್‌ಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು.

ಉಸಿರುದಾರಿಯ ಲೋಮಾಂಗಗಳು ಒಂದೇ ಸಮನೆ ಬಡಿಯುತ್ತ ಕಫವನ್ನು ತಳ್ಳುತ್ತವೆ. ಸಸ್ತನಿಗಳ ಘ್ರಾಣ ಲೋಮಾಂಗಗಳಿಗೆ ಆ ಬಡಿತವಿಲ್ಲ. ಕಪ್ಪೆಯ ಘ್ರಾಣ ಲೋಮಾಂಗಗಳು ಬಲು ಉದ್ದ.

ಹಾಗೆಂದು ವಾಸನೆ ಹಿಡಿಯುವ ಎಳೆಗಳನ್ನೆಲ್ಲ ಲೋಮಾಂಗವೆನ್ನುವುದು ಸಲ್ಲದು. ಮೀನಿನ ಮೂಗಿನಲ್ಲಿ ಲೋಮಾಂಗವಿರುವ ಕೋಶಗಳ ಪಕ್ಕದಲ್ಲೇ, ಅದಕ್ಕಿಂತ ಸರಳ ರಚನೆಯ ‘ಮೈಕ್ರೋವಿಲ್ಲೈ’ ಇರುವ ಕೋಶಗಳೂ ಇವೆ. ಹಾವು ನಾಲಿಗೆ ಚಾಚಿ ತಂದ ವಾಸನೆಯನ್ನು ಅರಿಯುವುದು ಅಂಗುಳಿನ ಮೇಲಿರುವ ಜೇಕಬ್‌ಸನ್ ಅಂಗ. ಅದರ ಗ್ರಾಹಕಕೋಶಗಳ ತುದಿಯಲ್ಲಿರುವುದೂ ಮೈಕ್ರೋವಿಲ್ಲೈಗಳೇ.